ಬಿಸಿಲಲ್ಲಿ ಮಾತ್ರ ತಪ್ಪು ಹೇಳುತ್ತಿದ್ದ ಲೈಟ್ ಮೀಟರ್

ಹೋದ ವರ್ಷ ದಸರಾ ಕಳೆದು ಒಂದು ವಾರ ಆಗಿರಬೇಕು. ಹಾಸನದಿಂದ ಒಬ್ಬ ಹುಡುಗ ಫೋನ್ ಮಾಡಿದ. "ಸಾರ್, ನೀವು ಹಳೇ ಲೈಟ್ ಮೀಟರ್ ತಗೋತೀರಂತೆ, ಹೌದಾ? ನಮ್ಮ ತಾತಂದು ಒಂದು ವೆಸ್ಟನ್ ಇದೆ. ಸೆಲ್ ಸತ್ತು ಹೋಗಿದೆಯಂತೆ. ಪಾರ್ಟ್ಸ್‌ಗಾದ್ರೂ ಆಗುತ್ತಾ ನೋಡಿ."

(ಲೈಟ್ ಮೀಟರ್ ಅಂದರೆ ಫೋಟೋ ತೆಗೆಯುವ ಮೊದಲು ಬೆಳಕು ಅಳೆಯುವ ಉಪಕರಣ. ಇಲ್ಲಿ ಸೆಲ್ ಅಂದರೆ ಬ್ಯಾಟರಿ ಅಲ್ಲ, ಅದರೊಳಗಿನ ಬೆಳಕು ಹಿಡಿಯುವ ತಟ್ಟೆ.) ಫೋಟೋ ಕಳಿಸು ಅಂದೆ. ಕಳಿಸಿದ. ವೆಸ್ಟನ್ ಮಾಸ್ಟರ್ II, ಇಂಗ್ಲೆಂಡಿನ ಎನ್‌ಫೀಲ್ಡ್‌ನಲ್ಲಿ ಸಾಂಗಮೋ ವೆಸ್ಟನ್ ಕಂಪನಿ ಮಾಡಿದ್ದು. ಗಾಜು ಒಡೆದಿಲ್ಲ, ಮುಳ್ಳು ಬಾಗಿಲ್ಲ. ನನಗೆ ಬಾಯಲ್ಲಿ ನೀರೂರಿತು. ಯಾಕೆಂದರೆ ನನ್ನ ಹತ್ತಿರ ಇದೇ ಮಾಡೆಲ್ ಇನ್ನೊಂದಿದೆ, ಅದರ ಸೆಲ್ ಗಟ್ಟಿಮುಟ್ಟಾಗಿದೆ, ಆದರೆ ಯಾರೋ ಬೀಳಿಸಿ ಮುಳ್ಳು ಅರ್ಧದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನನ್ನದು ಒಳ್ಳೆ ಸೆಲ್ ಕೆಟ್ಟ ಮುಳ್ಳು, ಅವನದು ಕೆಟ್ಟ ಸೆಲ್ ಒಳ್ಳೆ ಮುಳ್ಳು. ಜಾತಕ ಕೂಡಿಬಂತು ಅಂದುಕೊಂಡೆ.

ಇದನ್ನು ಯಾಕೆ ಮೊದಲೇ ಹೇಳುತ್ತಿದ್ದೇನೆ ಅಂದರೆ, ಈ ಪ್ರಕರಣದಲ್ಲಿ "ಹೌದಪ್ಪ, ಸತ್ತಿದೆ" ಅಂದುಬಿಟ್ಟರೆ ಲಾಭ ನನಗೇ ಇತ್ತು. ಪರೀಕ್ಷೆ ಮಾಡುವವನೇ ಕೊಳ್ಳುವವನೂ ಆಗಿದ್ದಾಗ ಅವನ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ನಾನು ರಿಪೇರಿಯವನಲ್ಲ. ಹಳೇ ಮೀಟರ್ ಕೂಡಿಡುವ ಹುಚ್ಚು ಇದೆ, ಅಷ್ಟೇ. ಬೀರುವಿನ ಒಂದು ಅರೆ ತುಂಬ ಇವೇ. ಹೆಂಡತಿ ಅದಕ್ಕೆ "ಗಡಿಯಾರ ಅಲ್ಲದ ಗಡಿಯಾರಗಳು" ಅಂತ ಹೆಸರಿಟ್ಟಿದ್ದಾಳೆ. ಅದರಲ್ಲಿ ತುಂಬಾ ಹಳೆಯದು ವಾಟ್ಕಿನ್ಸ್ ಬೀ ಮೀಟರ್. ಜೇಬುಗಡಿಯಾರದ ಥರ ಇರುತ್ತದೆ. ಒಳಗೆ ಬೆಳಕಿಗೆ ಕಪ್ಪಾಗುವ ಕಾಗದ, ಪಕ್ಕದಲ್ಲಿ ಒಂದು ಬಣ್ಣದ ಗುರುತು. ಕಾಗದ ಆ ಬಣ್ಣಕ್ಕೆ ಬರಲು ಎಷ್ಟು ಸೆಕೆಂಡು ಬೇಕೋ ಎಣಿಸಿ, ಅದರ ಮೇಲೆ ಎಕ್ಸ್‌ಪೋಷರ್, ಅಂದರೆ ಫಿಲ್ಮಿಗೆ ಎಷ್ಟು ಬೆಳಕು ಬಿಡಬೇಕು ಅನ್ನೋದನ್ನು ಲೆಕ್ಕ ಹಾಕಬೇಕು. ಮಾಡಿದವನು ಇಂಗ್ಲೆಂಡಿನ ಹೆರಿಫರ್ಡ್‌ನ ಆಲ್ಫ್ರೆಡ್ ವಾಟ್ಕಿನ್ಸ್. ಹಳೇ ಗುಡ್ಡ, ಗುಡಿ, ಕಲ್ಲುಗಳೆಲ್ಲ ನೆಟ್ಟಗೆ ಒಂದೇ ಗೆರೆಯಲ್ಲಿವೆ ಅಂತ ಲೇ ಲೈನ್ ವಾದ ಹೂಡಿದ್ದನಲ್ಲ, ಅವನೇ. ಆಮೇಲೆ ಒಂದು ಎಕ್ಸ್‌ಟಿಂಕ್ಷನ್ ಮೀಟರ್ ಇದೆ. ಅದರೊಳಗೆ ಇಣುಕಿ ನೋಡಿ, ಮಸುಕಾಗುತ್ತಾ ಹೋಗುವ ಅಂಕಿಗಳಲ್ಲಿ ಕಟ್ಟಕಡೆಗೆ ಕಾಣುವ ಅಂಕಿ ಯಾವುದು ಅಂತ ಹೇಳಬೇಕು. ಬಿಸಿಲಿಂದ ಒಳಗೆ ಬಂದ ತಕ್ಷಣ ನೋಡಿದರೆ ಒಂದು ಅಂಕಿ, ಐದು ನಿಮಿಷ ಕೂತು ನೋಡಿದರೆ ಇನ್ನೊಂದು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದಲ್ಲ, ಅದಕ್ಕೆ. ನನ್ನ ಮಗಳಿಗೆ ಯಾವಾಗಲೂ ನನಗಿಂತ ಎರಡು ಅಂಕಿ ಜಾಸ್ತಿ ಕಾಣುತ್ತದೆ.

ಇವೆಲ್ಲದರ ಕಥೆ ಮುಗಿಸಿದ್ದು ಸೆಲೆನಿಯಂ. 1932ರಲ್ಲಿ ಅಮೆರಿಕದ ನ್ಯೂವರ್ಕ್‌ನ ವೆಸ್ಟನ್ ಕಂಪನಿ ಮಾಡೆಲ್ 617 ಅನ್ನೋ ಮೀಟರ್ ತಂದಿತು. ಲೋಹದ ತಟ್ಟೆಯ ಮೇಲೆ ಸೆಲೆನಿಯಂ ಪದರ, ಅದರ ಮೇಲೆ ಬೆಳಕು ಹಾಯುವಷ್ಟು ತೆಳು ಇನ್ನೊಂದು ಲೋಹದ ಪದರ. ಬೆಳಕು ಬಿದ್ದರೆ ತಾನೇ ಕರೆಂಟ್ ಹುಟ್ಟುತ್ತದೆ, ಆ ಚೂರು ಕರೆಂಟೇ ಮುಳ್ಳನ್ನು ತಳ್ಳುತ್ತದೆ. ಬ್ಯಾಟರಿ ಬೇಡ. ಕಂಪನಿ ಕಟ್ಟಿದ ಎಡ್ವರ್ಡ್ ವೆಸ್ಟನ್ ಬೇರೆ, ದೊಡ್ಡ ಮೆಣಸಿನಕಾಯಿ ಫೋಟೋ ತೆಗೆದ ಎಡ್ವರ್ಡ್ ವೆಸ್ಟನ್ ಬೇರೆ. ಈ ಗೊಂದಲ ನನಗೆ ಹತ್ತು ವರ್ಷ ಇತ್ತು, ನಿಮಗೆ ಬೇಡ.

ಹುಡುಗನ ದೂರು ಏನು?

ಅವನ ತಾತ ಹಾಸನದಲ್ಲಿ ಸ್ಟುಡಿಯೋ ಇಟ್ಟಿದ್ದವರು. ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿದೆ. ಸ್ಟುಡಿಯೋ ಈಗ ಮೊಬೈಲ್ ಅಂಗಡಿ. ಹುಡುಗ ಇಂಜಿನಿಯರಿಂಗ್ ಓದುತ್ತಾನೆ, ಹೊಸದಾಗಿ ಫಿಲ್ಮ್ ಹುಚ್ಚು ಹತ್ತಿಸಿಕೊಂಡಿದ್ದಾನೆ. ತಾತನ ಕ್ಯಾಮರಾ, ತಾತನ ಮೀಟರ್ ಅಂತ ಆಸೆಪಟ್ಟು, ಕೈಯಲ್ಲಿದ್ದ ದುಡ್ಡೆಲ್ಲ ಸುರಿದು ಒಂದು ಎಕ್ಟಾಕ್ರೋಮ್ ಇ100 ಸ್ಲೈಡ್ ರೋಲ್ ತರಿಸಿ, ಬೇಲೂರಿಗೆ ಹೋಗಿದ್ದ. ಕಲರ್ ನೆಗೆಟಿವ್ ಆಗಿದ್ದರೆ ಒಂದು ಸ್ಟಾಪ್ (ಅಂದರೆ ದುಪ್ಪಟ್ಟು ಬೆಳಕು) ಜಾಸ್ತಿಯಾದರೂ ಪ್ರಿಂಟಿನಲ್ಲಿ ಸರಿಮಾಡಿಕೊಳ್ಳಬಹುದು. ಸ್ಲೈಡ್ ಹಾಗಲ್ಲ, ಅದರಲ್ಲಿ ಫಿಲ್ಮೇ ಕೊನೆಯ ಚಿತ್ರ. ಒಂದು ಸ್ಟಾಪ್ ಜಾಸ್ತಿಯಾದರೆ ಆಕಾಶ ಹೋಯಿತು, ಬಿಳಿ ಪಂಚೆ ಹೋಯಿತು, ಏನು ಮಾಡಿದರೂ ವಾಪಸ್ ಬರೋದಿಲ್ಲ.

ರೋಲ್ ತೊಳೆದು ಬಂದಾಗ ಹೊರಗೆ ತೆಗೆದದ್ದೆಲ್ಲ ಬೆಳ್ಳಗೆ ತೇಲಿಹೋಗಿತ್ತು. ಹತ್ತಿರದ ಒಂದು ಕ್ಯಾಮರಾ ರಿಪೇರಿ ಅಂಗಡಿಯಲ್ಲಿ ಮೀಟರ್ ತೋರಿಸಿದ. ಅಂಗಡಿಯವರು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿ, ಮುಳ್ಳು ಏಳುತ್ತಲೇ ಇಲ್ಲ, ಸೆಲ್ ಹೋಗಿದೆ, ಬೇಕಾದರೆ ಕ್ಯಾಲ್ಕುಲೇಟರಿನ ಸೋಲಾರ್ ಪ್ಲೇಟ್ ಕತ್ತರಿಸಿ ಕೂರಿಸಿಕೊಡುತ್ತೇನೆ ಅಂದರಂತೆ.

ಸದ್ಯ, ಇವನು ಒಪ್ಪಲಿಲ್ಲ. ಆ ಪ್ಲೇಟ್ ಹಾಕಿದರೆ ಮುಳ್ಳು ಚೆನ್ನಾಗಿಯೇ ಕುಣಿಯುತ್ತದೆ, ನೋಡಲು ಖುಷಿ. ಆದರೆ ಸಿಲಿಕಾನ್ ಪ್ಲೇಟಿಗೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕೂಡ ಕಾಣುತ್ತದೆ. ಹಸಿರು ಎಲೆಗಳು ಇನ್‌ಫ್ರಾರೆಡ್ಡನ್ನು ಚೆನ್ನಾಗಿ ವಾಪಸ್ ಎಸೆಯುತ್ತವೆ. ಹಾಗಾಗಿ ತೋಟದ ಕಡೆ ಹಿಡಿದರೆ ಒಂದು ಥರ, ಸುಣ್ಣದ ಗೋಡೆಗೆ ಹಿಡಿದರೆ ಇನ್ನೊಂದು ಥರ. ಮೇಲಾಗಿ ಡಯಲಿನ ಗೀಟುಗಳನ್ನು ಹಾಕಿರೋದು ಸೆಲೆನಿಯಂ ಸೆಲ್ ಹೇಗೆ ಏರುತ್ತದೋ ಆ ಲೆಕ್ಕಕ್ಕೆ. ಬೇರೆ ಸೆಲ್ ಹಾಕಿದರೆ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ತಪ್ಪುತ್ತದೆ.

ಮೊದಲ ಅನುಮಾನ: ಕಲ್ಲಿನ ಮೇಲೆ

ಸೆಲ್ ದುರ್ಬಲವಾದರೆ ಮುಳ್ಳು ಕಡಿಮೆ ತೋರಿಸುತ್ತದೆ, ಬೆಳಕು ಕಡಿಮೆ ಇದೆ ಅಂತ ನಂಬಿ ನಾವು ಜಾಸ್ತಿ ಎಕ್ಸ್‌ಪೋಷರ್ ಕೊಡುತ್ತೇವೆ, ಫೋಟೋ ಬೆಳ್ಳಗಾಗುತ್ತದೆ. ಹುಡುಗನ ದೂರಿಗೆ ಇದು ಸರಿಯಾಗಿ ಕೂರುತ್ತದೆ. ಆದರೆ ಬೇಲೂರು ಅಂದ ತಕ್ಷಣ ನನಗೆ ಬೇರೆ ಅನುಮಾನ ಬಂತು. ಚೆನ್ನಕೇಶವನ ಗುಡಿ ಬಳಪದ ಕಲ್ಲಿನದು. ಶತಮಾನಗಳ ಗಾಳಿ ಮಳೆಗೆ ಕಪ್ಪಗಾಗಿದೆ. ಇಂಥ ಮೀಟರಿಗೆ ಎದುರಿರೋದು ಕಪ್ಪು ಕಲ್ಲೋ ಬಿಳಿ ಗೋಡೆಯೋ ಗೊತ್ತಾಗೋದಿಲ್ಲ. ಎಲ್ಲವನ್ನೂ ಅದು ನಡುಬೂದು ಅಂತಲೇ ತಿಳಿಯುತ್ತದೆ. ಕಪ್ಪು ಕಲ್ಲಿನ ಹತ್ತಿರ ಹೋಗಿ ಓದಿದರೆ ಅದನ್ನು ಬೂದು ಮಾಡಲು ಜಾಸ್ತಿ ಬೆಳಕು ಕೇಳುತ್ತದೆ. ಪಾಪ, ಸರಿಯಿರುವ ಮೀಟರ್ ಕೂಡ ಬೇಲೂರಿನಲ್ಲಿ ಇದೇ ತಪ್ಪು ಮಾಡುತ್ತದೆ.

ಹಾಗಾಗಿ ಫೋನಿನಲ್ಲೇ ಕೇಳಿದೆ, "ಕಲ್ಲು ಇಲ್ಲದ ಫೋಟೋ ಯಾವುದಾದ್ರೂ ಇದೆಯಾ?"

ಇತ್ತು. ಬಸ್‌ಸ್ಟ್ಯಾಂಡ್, ದಾರಿಬದಿಯ ಎಳನೀರು ಗಾಡಿ, ಗೆಳೆಯರು ಸಾಲಾಗಿ ನಿಂತದ್ದು. ಅವೂ ಬೆಳ್ಳಗೇ ಬಂದಿದ್ದವು, ಕಲ್ಲಿನಷ್ಟಲ್ಲ, ಆದರೂ ಒಂದು ಸ್ಟಾಪ್ ಜಾಸ್ತಿ ಅಂತ ಕಣ್ಣಿಗೇ ಗೊತ್ತಾಗುವಷ್ಟು. ಸರಿ, ಕಲ್ಲು ಪೂರ್ತಿ ಕಾರಣ ಅಲ್ಲ. ಆದರೆ ಅವನು ಕಳಿಸಿದ ಸ್ಲೈಡುಗಳಲ್ಲಿ ಕೊನೆಯ ಮೂರು ನನ್ನ ತಲೆ ಕೆಡಿಸಿದವು. ಮನೆಯೊಳಗೆ ಕಿಟಕಿ ಪಕ್ಕ ಅಜ್ಜಿ ಹೂ ಕಟ್ಟುತ್ತಾ ಕೂತಿದ್ದು. ಅದೇ ರೋಲ್, ಅದೇ ಮೀಟರ್. ಅಜ್ಜಿಯ ಮುಖ, ಮಲ್ಲಿಗೆ, ಸೀರೆಯ ಅಂಚು ಎಲ್ಲ ಅಚ್ಚುಕಟ್ಟಾಗಿ ಬಂದಿತ್ತು.

ಸತ್ತ ಸೆಲ್ ಮನೆಯೊಳಗೆ ಮಾತ್ರ ಎದ್ದು ಕೂರುತ್ತದಾ? ತಗೊಂಡು ಬಾ ಅಂದೆ.

ಮೇಜಿನ ಮೇಲೆ

ಭಾನುವಾರ ಬೆಳಗ್ಗೆ ಮೈಸೂರಿಗೆ ಬಂದ. ಚರ್ಮದ ಚೀಲ ಬಿಚ್ಚಿದ ಕೂಡಲೇ ಆ ವಾಸನೆ. ಹಳೇ ಚರ್ಮ, ಬೂಷ್ಟು, ನಶ್ಯ ಎಲ್ಲ ಸೇರಿದ್ದು. ಚೀಲದ ಹಿತ್ತಾಳೆ ಗುಂಡಿಯ ಸುತ್ತ ಹಸಿರು ಮೇಣದ ಥರ ಕಟ್ಟಿಕೊಂಡಿತ್ತು. ಚರ್ಮದ ಎಣ್ಣೆ ಹಿತ್ತಾಳೆಗೆ ತಾಗಿ ವರ್ಷಗಟ್ಟಲೆ ಇದ್ದರೆ ಹೀಗಾಗುತ್ತದೆ. ಚೀಲದ ಒಳಗೆ ಮಡಚಿದ ಒಂದು ಚೀಟಿ. ತಾತನ ಅಕ್ಷರ, ನೀಲಿ ಇಂಕು. ಎರಡೇ ಸಾಲು, ಫಿಲ್ಮಿನ ಹೆಸರು ಮತ್ತು ಅಂಕಿ:

ಎನ್‌ಪಿ 22 – 100
ಎಚ್‌ಪಿ3 – 160 (ಹೊಡೆದುಹಾಕಿ) 320

"ತಾತ ಏನೋ ತಪ್ಪು ಬರ್ದಿದಾರೆ ಸಾರ್," ಅಂದ ಹುಡುಗ. "ನೆಟ್ಟಲ್ಲಿ ನೋಡಿದೆ, ಎನ್‌ಪಿ 22 ಅಂದ್ರೆ 125, ಎಚ್‌ಪಿ3 ಅಂದ್ರೆ 400."

ತಪ್ಪು ಬರೆದಿರಲಿಲ್ಲ. ತಾತ ಘಾಟಿ ಮನುಷ್ಯ. ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನೋದೇ ಅದರ ಸ್ಪೀಡ್. ಮಾಸ್ಟರ್ II ಮೀಟರಿನ ಫಿಲ್ಮ್ ಸ್ಪೀಡ್ ಕಿಟಕಿಯಲ್ಲಿ ಇರೋದು ಎಎಸ್‌ಎ ಅಂಕಿ (ಅಮೆರಿಕದ ಅಳತೆ, ಈಗಿನ ಐಎಸ್‌ಒ ಅಂಕಿಯೂ ಇದೇ) ಅಲ್ಲ, ವೆಸ್ಟನ್ ಕಂಪನಿ ತಾನೇ ಮಾಡಿಕೊಂಡಿದ್ದ ಅಂಕಿ. ಎಎಸ್‌ಎ 100 ಅಂದರೆ ವೆಸ್ಟನ್ 80. ಎಎಸ್‌ಎ 125 ಅಂದರೆ ವೆಸ್ಟನ್ 100. ಮೂರನೇ ಒಂದು ಸ್ಟಾಪಿನ ವ್ಯತ್ಯಾಸ. ಮುಂದೆ ಬಂದ ಮಾಸ್ಟರ್ IIIರಲ್ಲಿ ಈ ಗೋಜು ಬಿಟ್ಟು ಎಎಸ್‌ಎ ಹಾಕಿದರು. ಎನ್‌ಪಿ 22 ಅನ್ನೋದು ಪೂರ್ವ ಜರ್ಮನಿಯ ಓರ್ವೋ ಫಿಲ್ಮ್. ಒಂದು ಕಾಲಕ್ಕೆ ನಮ್ಮ ಸ್ಟುಡಿಯೋಗಳಲ್ಲಿ ಊಟಿಯ "ಇಂದು" ಅನ್ನೋ ಹೆಸರಿನ ಫಿಲ್ಮಿನ ಜೊತೆ ಇದೂ ಧಾರಾಳವಾಗಿ ಓಡುತ್ತಿತ್ತು. ಹೆಸರಲ್ಲಿರುವ 22 ಅದರ ಡಿನ್ ಸ್ಪೀಡ್, ಅಂದರೆ ಜರ್ಮನಿಯವರ ಅಳತೆ. 21 ಡಿನ್ ಅಂದರೆ ಎಎಸ್‌ಎ 100, 22 ಅಂದರೆ 125. ತಾತ ಡಿನ್‌ನಿಂದ ಎಎಸ್‌ಎಗೆ, ಎಎಸ್‌ಎಯಿಂದ ವೆಸ್ಟನ್‌ಗೆ ತಂದು 100 ಅಂತ ಬರೆದಿದ್ದಾರೆ. ಪಕ್ಕಾ ಲೆಕ್ಕ.

ಎಚ್‌ಪಿ3 ಸಾಲು ಇನ್ನೂ ಚೆಂದ. ಇಲ್ಫೋರ್ಡ್‌ನ ಈ ಫಿಲ್ಮಿಗೆ ಮೊದಲು ಎಎಸ್‌ಎ 200 ಅಂತಿತ್ತು, ವೆಸ್ಟನ್ ಲೆಕ್ಕದಲ್ಲಿ 160. 1960ರಲ್ಲಿ ಎಎಸ್‌ಎ ನಿಯಮ ಬದಲಾಯಿತು. ಅಲ್ಲಿಯವರೆಗೆ ಜನ ಕಡಿಮೆ ಎಕ್ಸ್‌ಪೋಷರ್ ಕೊಟ್ಟು ಫಿಲ್ಮ್ ಹಾಳುಮಾಡಿಕೊಳ್ಳದಿರಲಿ ಅಂತ ಅಂಕಿಯೊಳಗೇ ಒಂದು ಸ್ಟಾಪಿನಷ್ಟು ಕೈಕಾಪು ಇಟ್ಟಿದ್ದರು, ಅದನ್ನು ತೆಗೆದರು. ಫಿಲ್ಮ್ ಅದೇ, ಡಬ್ಬಿಯ ಮೇಲಿನ ಅಂಕಿ ಮಾತ್ರ ದುಪ್ಪಟ್ಟು. 200 ಇದ್ದದ್ದು 400 ಆಯಿತು. ತಾತ 160 ಹೊಡೆದುಹಾಕಿ 320 ಬರೆದರು. ಹೊಡೆದುಹಾಕಿದ ಆ ಒಂದು ಗೆರೆಯಲ್ಲಿ ಅಷ್ಟು ಕಥೆ ಇದೆ. ಇಂಥ ಚೀಟಿ ಸಿಕ್ಕರೆ ದಯವಿಟ್ಟು ಎಸೆಯಬೇಡಿ. ಹಳೇ ಮೀಟರಿನ ಜೊತೆ ಬರುವ ಕಾಗದ ಒಮ್ಮೊಮ್ಮೆ ಮೀಟರಿಗಿಂತ ದೊಡ್ಡ ಆಸ್ತಿ.

ಹುಡುಗ ಎಕ್ಟಾಕ್ರೋಮಿಗೆ 100 ಇಟ್ಟಿದ್ದ. ಇಡಬೇಕಾಗಿದ್ದು 80. ಈಗ ಇಲ್ಲೊಂದು ತಮಾಷೆ ನೋಡಿ. 80ರ ಬದಲು 100 ಇಟ್ಟರೆ ಎಕ್ಸ್‌ಪೋಷರ್ ಮೂರನೇ ಒಂದು ಸ್ಟಾಪ್ *ಕಡಿಮೆ* ಆಗಬೇಕು, ಫೋಟೋ ಸ್ವಲ್ಪ ಕಪ್ಪಗೆ ಬರಬೇಕು. ಬಂದದ್ದು ಬೆಳ್ಳಗೆ. ಅಂದರೆ ಮೀಟರಿನ ನಿಜವಾದ ತಪ್ಪು ಸ್ಲೈಡಿನಲ್ಲಿ ಕಾಣುವುದಕ್ಕಿಂತ ಇನ್ನೂ ದೊಡ್ಡದು. ಅಂಕಿಯ ಗೊಂದಲ ಸಿಕ್ಕಿತು ಅಂತ ಖುಷಿಪಟ್ಟವನಿಗೆ ಸಮಸ್ಯೆ ಒಂದು ಹೆಜ್ಜೆ ಹಿಂದೆ ಸರಿದು ಹಲ್ಲು ಕಿಸಿದ ಹಾಗಾಯಿತು.

ಇನ್ನು ಮಾಮೂಲಿ ಪರೀಕ್ಷೆಗಳು. ಸೆಲ್ಲಿನ ಮೇಲೆ ಅಂಗೈ ಮುಚ್ಚಿದರೆ ಮುಳ್ಳು ಸೊನ್ನೆಗೆ ಬರಬೇಕು, ಬಂತು. ಮೀಟರನ್ನು ನಿಲ್ಲಿಸಿ, ಮಲಗಿಸಿ, ಬಲಕ್ಕೆ ವಾಲಿಸಿ ನೋಡಿದಾಗ ಸೊನ್ನೆ ಅಲ್ಲಾಡಬಾರದು, ಅಲ್ಲಾಡಲಿಲ್ಲ. ನಿಧಾನವಾಗಿ ಕಿಟಕಿ ಕಡೆ ತಿರುಗಿಸಿದರೆ ಮುಳ್ಳು ಎಲ್ಲೂ ತಡೆಯದೆ ಏರಬೇಕು, ಏರಿತು. ನನ್ನ ಬೀರುವಿನಲ್ಲಿರೋದು ಇಲ್ಲೇ ಫೇಲ್ ಆಗೋದು.

ಬಾಗಿಲು

ಈ ಮೀಟರನ್ನು ಕೈಯಲ್ಲಿ ಹಿಡಿಯದವರಿಗೆ ಒಂದು ವಿಷಯ ಹೇಳಬೇಕು. ಬೆನ್ನಿನಲ್ಲಿ ಸೆಲ್ ಇದೆ, ಅದರ ಮೇಲೆ ಜೇನುಗೂಡಿನ ಥರ ಉಬ್ಬುಬ್ಬಾದ ಗಾಜು, ಗಾಜಿನ ಮೇಲೆ ಸಣ್ಣ ತೂತುಗಳಿರುವ ಒಂದು ಬಾಗಿಲು. ಬಾಗಿಲು ಮುಚ್ಚಿದ್ದರೆ ತೂತುಗಳಿಂದ ಚೂರು ಬೆಳಕು ಮಾತ್ರ ಒಳಗೆ ಹೋಗುತ್ತದೆ, ಅದು ಬಿಸಿಲಿಗೆ. ಉಗುರಿನಿಂದ ಎತ್ತಿ ಬಾಗಿಲು ತೆರೆದರೆ ಪೂರ್ತಿ ಬೆಳಕು, ಅದು ಮನೆಯೊಳಗೆ. ಜಾಣತನ ಏನಂದರೆ ಬಾಗಿಲು ತೆರೆದ ತಕ್ಷಣ ಮುಂದಿನ ಕಿಟಕಿಯಲ್ಲಿ ಅಂಕಿಗಳ ಪಟ್ಟಿಯೇ ಬದಲಾಗುತ್ತದೆ. ಮುಚ್ಚಿದಾಗ 25ರಿಂದ 1600. ತೆರೆದಾಗ ಮೇಲ್ತುದಿ 50. ಒಂದು ಚದರ ಅಡಿಗೆ ಎಷ್ಟು ಕ್ಯಾಂಡಲ್ ಅನ್ನೋ ಲೆಕ್ಕ ಇದು.

ಈಗ ಆ ಅಂಗಡಿಯವರ ತೀರ್ಪು ಯಾಕೆ ಹಾಗೆ ಬಂತು ಅಂತ ಅರ್ಥವಾಯಿತಲ್ವಾ? ಟ್ಯೂಬ್‌ಲೈಟ್ ಇರುವ ಅಂಗಡಿಯೊಳಗೆ ಗೋಡೆಯ ಬೆಳಕು ಸುಮಾರು 3 ಇದ್ದರೆ ಹೆಚ್ಚು. ಬಾಗಿಲು ಮುಚ್ಚಿ ಹಿಡಿದಿದ್ದಾರೆ. 25ರಿಂದ ಶುರುವಾಗುವ ಅಳತೆಯಲ್ಲಿ 3 ಎಲ್ಲಿ ಕಾಣಬೇಕು? ಮುಳ್ಳು ಏಳದಿದ್ದದ್ದೇ ಸರಿ. ಹೀಗೆ "ಸತ್ತ" ವೆಸ್ಟನ್‌ಗಳನ್ನು ನಾನು ಗುಜರಿ ಬೆಲೆಗೆ ಕೊಂಡಿದ್ದೇನೆ, ಮನೆಗೆ ಬಂದು ಬಾಗಿಲು ತೆರೆದ ಕೂಡಲೇ ಮುಳ್ಳು ಚಂಗನೆ ಎದ್ದಿದೆ. ಮಾರುವವನಿಗೆ ಅಲ್ಲೇ ಹೇಳಬೇಕಿತ್ತಾ ಅನ್ನೋದು ಬೇರೆ ಪ್ರಶ್ನೆ. ನಾನು ಹೇಳಿಲ್ಲ.

ಹುಡುಗನ ವಿಷಯಕ್ಕೆ ಬರೋಣ. ಬೇಲೂರಿನಲ್ಲಿ ಬಿಸಿಲು, ಬಾಗಿಲು ಮುಚ್ಚಿದ್ದ. ಅಜ್ಜಿಯ ಫೋಟೋ ಮನೆಯೊಳಗೆ, ಬಾಗಿಲು ತೆರೆದಿದ್ದ. ಕೆಟ್ಟದ್ದು ಒಂದು, ಸರಿಬಂದದ್ದು ಇನ್ನೊಂದು. ಆದರೆ ಎರಡಕ್ಕೂ ಸೆಲ್ ಒಂದೇ! ಇದು ತಲೆಗೆ ಹೊಳೆದದ್ದೇ ಹೊರಗೆ ಎದ್ದುಹೋದೆವು.

ನಮ್ಮ ಮನೆಯ ಹಿಂದೆ ಪಕ್ಕದವರ ಕಾಂಪೌಂಡ್ ಗೋಡೆ ಇದೆ. ಸುಣ್ಣ ಮಾಸಿ ಬೂದು ಬಣ್ಣಕ್ಕೆ ತಿರುಗಿದೆ, ಬೆಳಗ್ಗೆ ಪೂರ್ತಿ ನೆರಳು. ಅಲ್ಲಿ ಯಾಕೆ ಅಂದರೆ, ತೆರೆದ ಅಳತೆ ಮುಗಿಯೋದು 50ಕ್ಕೆ, ಮುಚ್ಚಿದ ಅಳತೆ ಶುರುವಾಗೋದು 25ಕ್ಕೆ. ನಡುವಿನ ಆ ಒಂದು ಸ್ಟಾಪಿನಷ್ಟು ಜಾಗದಲ್ಲಿ ಎರಡೂ ಓದುತ್ತವೆ. ಆ ಬೆಳಕಲ್ಲಿ ಬಾಗಿಲು ತೆರೆದೂ ಮುಚ್ಚಿಯೂ ಒಂದೇ ಉತ್ತರ ಬರಬೇಕು. ಬರದಿದ್ದರೆ ಯಾವುದೋ ಒಂದು ಸುಳ್ಳು.

ಡಯಲನ್ನು ಸರಿಯಾಗಿ ವೆಸ್ಟನ್ 80ಕ್ಕೆ ಇಟ್ಟೆ. ಪಕ್ಕದಲ್ಲಿ ನನ್ನ ಡಿಜಿಟಲ್ ಕ್ಯಾಮರಾ, ಐಎಸ್‌ಒ 100, ಫ್ರೇಮ್ ತುಂಬ ಗೋಡೆ ಮಾತ್ರ. ಆಕಾಶ ಇಣುಕಬಾರದು, ನಮ್ಮ ನೆರಳು ಬೀಳಬಾರದು. ಲೆನ್ಸಿನ ಕಿಂಡಿ ಎಫ್8ಕ್ಕೆ ಇಟ್ಟರೆ ಕ್ಯಾಮರಾ ಹೇಳಿದ್ದು 1/80 ಸೆಕೆಂಡ್.

ಬಾಗಿಲು ತೆರೆದು ಗೋಡೆಗೆ ಹಿಡಿದೆ. ಮುಳ್ಳು 50ರ ಗೀಟಿಗಿಂತ ಕೂದಲೆಳೆಯಷ್ಟು ಕೆಳಗೆ ನಿಂತಿತು. ಡಯಲ್ ತಿರುಗಿಸಿದರೆ ಎಫ್8 ಎದುರು 1/60.

ಬಾಗಿಲು ಮುಚ್ಚಿದೆ. ಅದೇ ಜಾಗ, ಅದೇ ದೂರ. ಮುಳ್ಳು 25ರ ಹತ್ತಿರ. 1/30.

ಹುಡುಗನ ಕೈಗೆ ಕೊಟ್ಟೆ, ನಾನು ಹೇಳೋದು ಬೇಡ, ನೀನೇ ನೋಡು ಅಂತ. ಅವನಿಗೂ ಅದೇ ಬಂತು. ನಾಲ್ಕು ಸಲ ಮಾಡಿದೆವು.

ಕೂಡಿ ಕಳೆದು ನೋಡಿದರೆ ಹೀಗೆ. ಬಾಗಿಲು ತೆರೆದಾಗ ಮೀಟರ್ ಮೂರನೇ ಒಂದು ಸ್ಟಾಪಿನಷ್ಟು ಕಡಿಮೆ ಓದುತ್ತದೆ. ಇದು ಸೆಲ್ಲಿನ ಮುಪ್ಪು. ಎಪ್ಪತ್ತರ ಆಸುಪಾಸಿನ ವಯಸ್ಸಿಗೆ ಇಷ್ಟು ಕಡಿಮೆಯಾದರೆ ಅದು ಕಾಯಿಲೆಯೇ ಅಲ್ಲ. ಬಾಗಿಲು ಮುಚ್ಚಿದಾಗ ಅದರ ಮೇಲೆ ಇನ್ನೂ ಒಂದು ಸ್ಟಾಪ್ ಕಡಿಮೆ. ಸೆಲ್ ನಿಜವಾಗಲೂ ಸೋತಿದ್ದರೆ ಉಲ್ಟಾ ಆಗಬೇಕಿತ್ತು. ಬಾಗಿಲು ತೆರೆದಾಗ ಜಾಸ್ತಿ ಬೆಳಕು ಬಿದ್ದು ಜಾಸ್ತಿ ಕರೆಂಟ್ ಕೊಡಬೇಕಾಗುತ್ತದೆ, ಸೋತ ಸೆಲ್ ಏದುಸಿರು ಬಿಡೋದು ಅಲ್ಲೇ. ಇಲ್ಲಿ ಜಾಸ್ತಿ ಭಾರ ಹೊರುವಾಗ ಸರಿಯಾಗಿದೆ, ಕಡಿಮೆ ಭಾರಕ್ಕೆ ಮುಗ್ಗರಿಸುತ್ತಿದೆ. ಹಾಗಾದರೆ ಕಳ್ಳ ಸೆಲ್ ಅಲ್ಲ, ಬಾಗಿಲು.

ಬಾಗಿಲನ್ನು ಬೆಳಕಿಗೆ ಅಡ್ಡ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಅಲ್ಲೊಂದು ಇಲ್ಲೊಂದು ತೂತು ಮಾತ್ರ ಚುಕ್ಕಿಯ ಹಾಗೆ ಹೊಳೆಯುತ್ತಿತ್ತು. ಉಳಿದವು ಪೂರ್ತಿ ಇಲ್ಲವೇ ಅರ್ಧ ಮುಚ್ಚಿಹೋಗಿದ್ದವು. ಚೀಲದ ಒಳಬಟ್ಟೆಯ ನೂಲಿನ ಪುಡಿ, ಬೂಷ್ಟು, ಗುಂಡಿ ಒತ್ತಿಕೊಂಡಿದ್ದ ಕಡೆ ಅದೇ ಹಸಿರು ಮೇಣ. ಒಟ್ಟಾರೆ ಹಾಯಬೇಕಾದ ಬೆಳಕಿನಲ್ಲಿ ಅರ್ಧದಷ್ಟೇ ಹಾಯುತ್ತಿತ್ತು. ಅರ್ಧ ಬೆಳಕು ಅಂದರೆ ಸರಿಯಾಗಿ ಒಂದು ಸ್ಟಾಪ್.

ತೊಳೆಯೋದು

ಸ್ಪಿರಿಟ್ ಹಾಕಲಿಲ್ಲ. ಸ್ಪಿರಿಟ್, ಥಿನ್ನರ್, ಡಬ್ಲ್ಯುಡಿ-40 ಯಾವುದನ್ನೂ ಸೆಲ್ಲಿನ ಹತ್ತಿರ ತರಬೇಡಿ. ಬಣ್ಣ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಗಾಜಿನ ಅಂಚಿನಿಂದ ಒಳಗೆ ಇಳಿಯುತ್ತದೆ. ಸೆಲೆನಿಯಂ ಸೆಲ್ಲನ್ನು ಕೊಲ್ಲೋದರಲ್ಲಿ ಮೊದಲ ಆರೋಪಿ ತೇವ. ನಮ್ಮ ಮಲೆನಾಡು, ಕರಾವಳಿ ಕಡೆಯಿಂದ ಬರುವ ಮೀಟರುಗಳಲ್ಲಿ ನಿಜವಾಗಿ ಸತ್ತವು ಜಾಸ್ತಿ, ಬಯಲುಸೀಮೆ ಕಡೆಯವು ಬದುಕಿರೋದು ಜಾಸ್ತಿ. ಇದು ನನ್ನ ಬೀರುವಿನ ಅನುಭವ ಮಾತ್ರ.

ತೆಂಗಿನ ಕಡ್ಡಿ ತಂದೆ. ಬ್ಲೇಡಿನಲ್ಲಿ ಹೆರೆದು ಹೆರೆದು ತುದಿಯನ್ನು ಸೂಜಿಯಷ್ಟು ಸಣ್ಣ ಮಾಡಿದೆ. ನಿಜವಾದ ಸೂಜಿ ಬೇಡ, ತೂತು ಅಗಲವಾದರೆ ಅಳತೆ ಇನ್ನೊಂದು ಕಡೆಗೆ ತಪ್ಪುತ್ತದೆ, ಅದನ್ನು ಸರಿಮಾಡಲು ಆಗೋದೇ ಇಲ್ಲ. ಬಾಗಿಲು ಪೂರ್ತಿ ತೆರೆದು, ಗಾಜಿನ ಮೇಲೆ ಪುಡಿ ಬೀಳದ ಹಾಗೆ ಕಾಗದ ಅಡ್ಡ ಇಟ್ಟು, ಬಾಗಿಲು ಕೆಳಮುಖ ಮಾಡಿ, ಒಂದೊಂದೇ ತೂತು. ಚುಚ್ಚಬಾರದು, ಸುಮ್ನೆ ತಿರುಗಿಸಬೇಕು. ಹುಡುಗ ಭೂತಗನ್ನಡಿ ಹಿಡಿದ, ನಾನು ಕಡ್ಡಿ ಹಿಡಿದೆ. ಆಮೇಲೆ ಅವನಿಗೆ ತಾಳ್ಮೆ ಜಾಸ್ತಿ ಅಂತ ಗೊತ್ತಾಗಿ ಕೆಲಸ ಅದಲು ಬದಲು ಮಾಡಿಕೊಂಡೆವು. ಹನ್ನೆರಡು ಕಡ್ಡಿ ಮುರಿದವು. ಕೆಳಗಿನ ಬಿಳಿ ಹಾಳೆಯ ಮೇಲೆ ಹಸಿರು ಕಂದು ಪುಡಿ ಬಿತ್ತು, ಒಂದು ಚಿಟಿಕೆ, ಅಷ್ಟೇ. ಅಷ್ಟು ಪುಡಿಗೆ ಒಂದು ರೋಲ್ ಎಕ್ಟಾಕ್ರೋಮ್ ಬಲಿ.

ಊಟ ಮುಗಿಸಿ ಮತ್ತೆ ಗೋಡೆ ಹತ್ತಿರ ಹೋದಾಗ ಬೆಳಕು ಬದಲಾಗಿತ್ತು, ಹಾಗಾಗಿ ಬೆಳಗಿನ ಅಂಕಿ ಉಪಯೋಗಕ್ಕಿಲ್ಲ, ಹೊಸದಾಗಿ ಎಲ್ಲ ಅಳೆಯಬೇಕಾಯಿತು. ಬಾಗಿಲು ತೆರೆದಾಗಲೂ ಮುಚ್ಚಿದಾಗಲೂ ಮುಳ್ಳು ಹೇಳಿದ್ದು ಹೆಚ್ಚುಕಡಿಮೆ ಒಂದೇ. ಕ್ಯಾಮರಾಗಿಂತ ಎರಡೂ ಮೂರನೇ ಒಂದು ಸ್ಟಾಪ್ ಕಡಿಮೆ. ತಾರಸಿಗೆ ಹೋಗಿ ಬಿಸಿಲಲ್ಲಿ ನೋಡಿದೆವು. ರಸ್ತೆ, ಮರ, ಮನೆಗಳು ಸೇರಿದ ಮಾಮೂಲಿ ನೋಟಕ್ಕೆ ಮುಳ್ಳು 400ಕ್ಕಿಂತ ಸ್ವಲ್ಪ ಕೆಳಗೆ. ಐಎಸ್‌ಒ 100 ಫಿಲ್ಮಿಗೆ ಬಿಸಿಲಲ್ಲಿ ಎಫ್16 ಇಟ್ಟು ಸುಮಾರು 1/100 ಕೊಡು ಅನ್ನೋ ಹಳೇ ಬಾಯಿಲೆಕ್ಕ ಇದೆಯಲ್ಲ, ಡಯಲ್ ಅದರ ಪಕ್ಕದಲ್ಲೇ ಬಂದು ನಿಂತಿತು.

ಉಳಿದ ಮೂರನೇ ಒಂದು ಸ್ಟಾಪಿಗೆ ಏನು ಮಾಡೋದು? ಏನೂ ಇಲ್ಲ. ಸೆಲ್ ಮುಪ್ಪಾಗಿ ಮೂರನೇ ಒಂದು ಸ್ಟಾಪ್ ಜಾಸ್ತಿ ಎಕ್ಸ್‌ಪೋಷರ್ ಕೇಳುತ್ತದೆ. ವೆಸ್ಟನ್ 80ರ ಬದಲು 100 ಇಟ್ಟರೆ ಮೂರನೇ ಒಂದು ಸ್ಟಾಪ್ ಕಡಿಮೆಯಾಗುತ್ತದೆ. ಒಂದಕ್ಕೊಂದು ವಜಾ. ಅಂದರೆ ಹುಡುಗ ಗೊತ್ತಿಲ್ಲದೆ ಮಾಡಿದ್ದ ತಪ್ಪೇ ಈ ಮೀಟರಿಗೆ ಸರಿಯಾದ ಔಷಧಿ. ಅಜ್ಜಿಯ ಫೋಟೋ ಅಷ್ಟು ಚೆನ್ನಾಗಿ ಬಂದದ್ದೂ ಇದೇ ಕಾರಣಕ್ಕೆ. "ಇನ್ಮೇಲೆ ಡಬ್ಬಿ ಮೇಲಿನ ಅಂಕಿ ಏನಿದೆಯೋ ಅದನ್ನೇ ಇಡು, ವೆಸ್ಟನ್ ಗಿಸ್ಟನ್ ಏನೂ ಬೇಡ," ಅಂದೆ. ಇದು ಈ ಒಂದು ಮೀಟರಿಗೆ ಮಾತ್ರ ಹೇಳಿದ ಮಾತು. ನಿಮ್ಮ ಹತ್ತಿರ ಮಾಸ್ಟರ್ II ಇದ್ದರೆ ನಿಮ್ಮದೇ ಗೋಡೆ ಹುಡುಕಿಕೊಂಡು ಅಳೆದುನೋಡಿ.

ಚೀಲದ ಬಗ್ಗೆ ಸ್ವಲ್ಪ ಜಗಳವಾಯಿತು. ತಾತಂದು, ಅದರಲ್ಲೇ ಇಡುತ್ತೇನೆ ಅಂತ ಅವನು. ಬೂಷ್ಟು ಹುಟ್ಟುವುದೇ ಅಲ್ಲಿ ಅಂತ ನಾನು. ಕೊನೆಗೆ ಮೀಟರ್ ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ, ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಚೀಲ ಬೇರೆ, ಬಿಸಿಲಿಗೆ ಒಣಗಿಸಿ.

ಡಿಸೆಂಬರಿನಲ್ಲಿ ಹಾಸನಕ್ಕೆ ಬೇರೆ ಕೆಲಸಕ್ಕೆ ಹೋಗಿದ್ದೆ, ಅವರ ಮನೆಗೂ ಹೋದೆ. ಎರಡನೇ ರೋಲ್ ಬಂದಿತ್ತು. ಹಳೇಬೀಡು, ಬೆಳಗಿನ ಬಿಸಿಲು. ಈ ಸಲ ಕಲ್ಲಿನ ಮೇಲೆ ಹಿಡಿಯದೆ ತನ್ನ ಅಂಗೈಗೆ ಬಿಸಿಲು ಬೀಳಿಸಿ ಅದನ್ನು ಓದಿ, ಒಂದು ಸ್ಟಾಪ್ ಜಾಸ್ತಿ ಕೊಟ್ಟಿದ್ದ. ಅಂಗೈ ನಡುಬೂದಿಗಿಂತ ಒಂದು ಸ್ಟಾಪಿನಷ್ಟು ಬೆಳ್ಳಗಿರುತ್ತದೆ ಅನ್ನೋ ಲೆಕ್ಕ. ಕಲ್ಲು ಕಲ್ಲಿನ ಹಾಗೆಯೇ ಕಪ್ಪಗೆ, ಆಕಾಶ ನೀಲಿ.

ಅಜ್ಜಿ ಕಾಫಿ ತಂದುಕೊಟ್ಟು ನನ್ನ ಕೈಯಿಂದ ಮೀಟರ್ ಇಸ್ಕೊಂಡರು. ನೋಡದೆಯೇ ಬಾಗಿಲನ್ನು ಉಗುರಲ್ಲಿ ಟಕ್ಕನೆ ಎತ್ತಿದರು. ಮದುವೆ ಮನೆಗಳಿಗೆ ಇವರೂ ಗಂಡನ ಜೊತೆ ಹೋಗಿ ಇದನ್ನು ಹಿಡಿದುಕೊಂಡು ನಿಲ್ಲುತ್ತಿದ್ದರಂತೆ.

"ಹೊರಗಡೆ ಇದನ್ನ ತೆಗೀತಾನೇ ಇರ್ಲಿಲ್ಲ ಅವ್ರು," ಅಂದರು ಅಜ್ಜಿ. "ಬಿಸಿಲಲ್ಲಿ ಇದಕ್ಕೆ ಬುದ್ಧಿ ಇಲ್ಲ ಅಂತಿದ್ರು. ಅಲ್ಲಿ ಎಲ್ಲ ಕಣ್ಣಳತೇಲೇ."

ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಬೀರುವಿನಲ್ಲಿ ಇಪ್ಪತ್ತು ವರ್ಷ ಕೂತು ತೂತು ಮುಚ್ಚಿಕೊಂಡಿದೆ ಅಂತ ನಾನು ಲೆಕ್ಕ ಹಾಕಿದ್ದೆ. ಈ ಹಸಿರು ಮೇಣ ಅವರ ಕಾಲದ್ದೇ ಇರಬೇಕು.

ಮೀಟರ್ ಮಾರೋದಿಲ್ಲ ಅಂತ ಹುಡುಗ ಅವತ್ತೇ ಹೇಳಿದ. ನನ್ನ ಮಾಸ್ಟರ್ II ಇನ್ನೂ ಬೀರುವಿನಲ್ಲಿ ಹಾಗೇ ಇದೆ, ಒಳ್ಳೆ ಸೆಲ್, ಅರ್ಧಕ್ಕೇ ನಿಲ್ಲುವ ಮುಳ್ಳು. ಯಾರ ಹತ್ತಿರವಾದರೂ ನಿಜವಾಗಲೂ ಸತ್ತ ಸೆಲ್ ಇರುವ ಮಾಸ್ಟರ್ II ಇದ್ದರೆ ತಿಳಿಸಿ. ಕಳಿಸುವ ಮೊದಲು ಬಾಗಿಲು ತೆರೆದು ಒಂದು ಸಲ ನೋಡಿ.